ಚೀಲ ಹೊತ್ತು ಮುಂಬೈ ನೋಡಿದ್ದು

ಮೊನ್ನೆ ಅಟ್ಟ ಗುಡಿಸುವಾಗ ಒಂದು ಚೀಲ ಸಿಕ್ಕಿತು. ಕಡುನೀಲಿ ಬಣ್ಣದ ರೆಕ್ಸಿನ್ ಚೀಲ. ಜಿಪ್ ಕಿತ್ತುಹೋಗಿದೆ, ಎರಡು ಹಿಡಿಗಳಲ್ಲಿ ಒಂದೇ ಉಳಿದಿದೆ. "ಅದನ್ನ್ ಬಿಸಾಡಿ ಮರಾಯ್ರೆ, ಎಂತಕ್ ಇಟ್ಕಂಡದ್ದ್?" ಎಂದು ಹೆಂಡತಿ ಏಣಿಯ ಬುಡದಿಂದ ಕೂಗಿದಳು. ಬಿಸಾಡುವ ಮೊದಲು ಒಮ್ಮೆ ಅದರ ಬಾಯಿ ತೆರೆದು ಮೂಗಿಟ್ಟೆ. ಇಷ್ಟು ವರ್ಷವಾದ ಮೇಲೂ ಒಳಗೆ ಒಣ ಸಿಗಡಿಯ ವಾಸನೆ ಹಾಗೇ ಇದೆ. ವಾಸನೆ ಬಡಿದದ್ದೇ ತಡ, ಹಳೆಯ ಸಿಟ್ಟು ನೆತ್ತಿಗೇರಿತು. ಅಟ್ಟದ ಮೇಲೆ ಒಬ್ಬನೇ ಕೂತು ಸಿಟ್ಟು ಮಾಡಿಕೊಂಡರೆ ಕೇಳುವವರು ಯಾರು? ಆದ್ದರಿಂದ ನಿಮ್ಮೆದುರು ಬಂದು ಕೂತಿದ್ದೇನೆ.

ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಜನಕ್ಕೆ ಒಂದು ಚಾಳಿ ಇದೆ. ಯಾರಾದರೂ ಮುಂಬೈಗೆ ಹೊರಟರು ಎಂದು ಗೊತ್ತಾಗಬೇಕು, ಅಷ್ಟೆ. ಹೊರಟವನು ತನ್ನ ಬನಿಯನ್ನು, ಪಂಚೆ ಮಡಚಿ ಇಡುವ ಮೊದಲೇ ಜಗಲಿಯಲ್ಲಿ ಕಟ್ಟುಗಳು ಬಂದು ಕೂತಿರುತ್ತವೆ. ಅಂಧೇರಿಯ ಮಗಳಿಗೆ ಹಲಸಿನ ಹಪ್ಪಳ, ಕುರ್ಲಾದ ತಮ್ಮನಿಗೆ ಹುರುಳಿ, ಮುಲುಂಡಿನ ಅತ್ತಿಗೆಗೆ ಬಣ್ಣದ ಸೌತೆಕಾಯಿ. ಮುಂಬೈಯಲ್ಲಿ ಸೌತೆಕಾಯಿ ಸಿಗುವುದಿಲ್ಲವೇ ಎಂದು ಕೇಳಿ ನೋಡಿ. "ಸಿಕ್ತ್, ಆರೆ ನಮ್ ಗೆದ್ದಿದ್ ಸಿಕ್ತಾ?" ಎಂಬ ಉತ್ತರ ಬರುತ್ತದೆ. ಗದ್ದೆಯ ಹೆಸರು ಬಂದ ಮೇಲೆ ನೀವು ಬಾಯಿ ಮುಚ್ಚಬೇಕು. ಬೇಡ ಎಂದಿರೋ, ಮುಂದಿನ ಹತ್ತು ವರ್ಷ ಎಲ್ಲ ಮದುವೆ ಮನೆಗಳ ಪಂಕ್ತಿಯಲ್ಲಿ ನಿಮ್ಮ ಸೊಕ್ಕಿನ ಬಗ್ಗೆ ಮಾತಾಗುತ್ತದೆ. ಹೊರಟವನಿಗೂ ಅಲ್ಲಿ ಏನಾದರೂ ಕೆಲಸ ಇರಬಹುದು ಎಂಬ ಯೋಚನೆ ಯಾರ ತಲೆಗೂ ಬರುವುದಿಲ್ಲ.

ನನಗೆ ಕೆಲಸ ಇತ್ತು. ಮುಂಬೈ ನೋಡುವುದೇ ನನ್ನ ಕೆಲಸ.

ನಗಬೇಡಿ. ಹಾಲಾಡಿಯ ಹತ್ತಿರದ ಶಾಲೆಯಲ್ಲಿ ನಾನು ಹದಿನೆಂಟು ವರ್ಷ ಸಮಾಜ ಪಾಠ ಮಾಡಿದವನು. ಮುಂಬೈಯ ಸ್ಮಾರಕಗಳು, ಗೇಟ್‌ವೇ ಆಫ್ ಇಂಡಿಯಾ, ಬಂದರು, ರೈಲು ನಿಲ್ದಾಣ, ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಕೈ ಬೀಸಿ ವರ್ಣಿಸುತ್ತಿದ್ದೆ. ಕಂಡದ್ದು ಮಾತ್ರ ಒಂದು ಕ್ಯಾಲೆಂಡರಿನ ಚಿತ್ರ. ನಾನು ಸಣ್ಣವನಿದ್ದಾಗ ಮುಂಬೈಯ ಯಾವುದೋ ಹೋಟೆಲಿನ ಕ್ಯಾಲೆಂಡರು ಸಾಲಿಗ್ರಾಮದ ನಮ್ಮ ಮನೆಗೆ ಬಂದಿತ್ತು. ವರ್ಷ ಮುಗಿದ ಮೇಲೆ ಅಮ್ಮ ಅದನ್ನು ನನ್ನ ಭೂಗೋಳದ ಪುಸ್ತಕಕ್ಕೆ ಬೈಂಡು ಹಾಕಿದಳು. ಅವಳು ತಲೆಕೆಳಗು ಹಾಕಿದ್ದರಿಂದ ಒಂದಿಡೀ ವರ್ಷ ನನ್ನ ಮಟ್ಟಿಗೆ ಗೇಟ್‌ವೇ ಆಫ್ ಇಂಡಿಯಾ ಸಮುದ್ರವನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಮೇಷ್ಟ್ರಾದ ಮೇಲೆ ಒಂದು ದಿನ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಸರ್, ಅದ್ ಗೇಟಾರೆ ಮುಚ್ಚುಕೆ ಬಾಗ್ಲಿತ್ತಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಬದಲು, "ಮೊದ್ಲ್ ಕೂಕೊ, ಗಲಾಟಿ ಮಾಡ್ಬೇಡ" ಎಂದು ಗದರಿಸಿದೆ. ಅವತ್ತು ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ಸಾಯುವುದರೊಳಗೆ ಒಮ್ಮೆ ಹೋಗಿ ನೋಡಿಬರಬೇಕು ಎಂದು ಅಂದೇ ತೀರ್ಮಾನಿಸಿದ್ದೆ.

ಕೊಂಕಣ ರೈಲು ಶುರುವಾಗಿ ನಾಲ್ಕೈದು ವರ್ಷವಾದ ಮೇಲೆ ಆ ಯೋಗ ಕೂಡಿಬಂತು. ನನ್ನ ಹೆಂಡತಿಯ ತಮ್ಮ ಗಣಪ ಡೊಂಬಿವಿಲಿಯಲ್ಲಿ ಇದ್ದಾನೆ, ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂತು ದುಡ್ಡು ಎಣಿಸುವ ಕೆಲಸ. ಅವನ ಮಗಳ ನಾಮಕರಣ ದಸರಾ ರಜೆಯಲ್ಲಿ ಬಂತು. ಹೋಗುವುದು, ಸಮಾರಂಭ, ಬರುವುದು ಎಲ್ಲ ಕಳೆದು ನನಗೆ ಮುಂಬೈ ನೋಡಲು ಉಳಿದದ್ದು ಸರಿಯಾಗಿ ಒಂದು ದಿನ. ಅದು ಗಣಪನ ವಾರದ ರಜೆಯ ದಿನವೂ ಹೌದು. ನಾಮಕರಣಕ್ಕೆ ಹೇಗೂ ಹೊರಟಿದ್ದ ಹೆಂಡತಿಯನ್ನು ಆ ದಿನದ ಸುತ್ತಾಟಕ್ಕೂ ಕರೆದರೆ, "ಕಲ್ಲ್ ಕಾಂಬುಕೆ ನಾನ್ ಬತ್ತಿಲ್ಲೆ" ಎಂದಳು. ನಾನು ಮಾತ್ರ ಒಂದು ಹಾಳೆಯಲ್ಲಿ ನೋಡಬೇಕಾದ ಜಾಗಗಳನ್ನು ಬರೆದುಕೊಂಡೆ. ಆ ಹಾಳೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಒಟ್ಟು ಏಳು ಕಟ್ಟುಗಳು ಬಂದವು. ಅದರಲ್ಲಿ ಉಪ್ಪುಂದದ ಕಡೆಯ ಒಬ್ಬ ಹೆಂಗಸು ತನ್ನ ಮಗ ಶಂಕರನಿಗೆಂದು ಕಳಿಸಿದ್ದ ಕಟ್ಟು, ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿ ಬಿಗಿದದ್ದು. ಅದರೊಳಗೆ ಒಣ ಸಿಗಡಿ ಇದೆ ಎಂದು ನನಗೆ ಗೊತ್ತಾದದ್ದು ರೈಲು ರತ್ನಾಗಿರಿ ದಾಟಿದ ಮೇಲೆ. ನಮ್ಮ ಮನೆಯಲ್ಲಿ ನೀರುಳ್ಳಿಗೇ ವಾರದಲ್ಲಿ ಎರಡು ದಿನ ಪ್ರವೇಶವಿಲ್ಲ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತ ಪನವೇಲಿನವರೆಗೆ ಬಂದಳು. ಇಷ್ಟನ್ನೂ ನಾನು ಕ್ಷಮಿಸಿಯೇನು. ಕ್ಷಮಿಸಲಾಗದ್ದು ಏಳನೆಯ ಕಟ್ಟು.

ಹೊರಡುವ ಹಿಂದಿನ ದಿನ ಹಾಲಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ರಾಘು, "ಹ್ವಾಯ್ ಮಾಷ್ಟ್ರೆ, ಬೊಂಬಾಯಿಗೆ ಹೊರ್ಟಿದ್ರಿ ಅಂಬ್ರ್, ಹೌದಾ?" ಎನ್ನುತ್ತ ಓಡಿಬಂದ. ಕೈಯಲ್ಲಿ ಅಗಲ ಬಾಯಿಯ ಗಾಜಿನ ಬಾಟ್ಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ. "ಇದೊಂದ್ ಸುಬ್ರಾಯ ಮಾವಂಗೆ ಕೊಡ್ಕಿತ್ತ್. ಅಮ್ಮ ಹಾಕದ್ ಮಿಡಿ."

ಸುಬ್ರಾಯಣ್ಣ ಎಂದರೆ ರಾಘುವಿನ ತಾಯಿ ಪದ್ದಕ್ಕನ ಒಬ್ಬನೇ ತಮ್ಮ. ಮುಂಬೈಯಲ್ಲಿ ಗೇಟ್‌ವೇಯ ಹತ್ತಿರದ ಒಂದು ಹೋಟೆಲಿನಲ್ಲಿ ನಲವತ್ತು ವರ್ಷದಿಂದ ಅಡುಗೆಯವರು, ಮದುವೆಯಾದವರಲ್ಲ. ಪದ್ದಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅಕ್ಷರವೂ ಬರುತ್ತಿರಲಿಲ್ಲ. ಹಾಗಾಗಿ ಅಕ್ಕತಮ್ಮಂದಿರ ನಡುವೆ ಫೋನೂ ಇಲ್ಲ, ಕಾಗದವೂ ಇಲ್ಲ. ವರ್ಷಕ್ಕೊಂದು ಬಾಟ್ಲಿ ಮಾವಿನ ಮಿಡಿ ಉಪ್ಪಿನಕಾಯಿ, ಅದು ಮುಂಬೈಗೆ ಹೋಗುವ ಯಾರದ್ದಾದರೂ ಕೈಯಲ್ಲಿ ಹೋಗುತ್ತಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಆದರೆ ಪದ್ದಕ್ಕ ಆ ವರ್ಷ ಮಳೆಗಾಲದ ಆರಂಭದಲ್ಲೇ ತೀರಿಕೊಂಡಿದ್ದರು. ನಾನೇ ಹೋಗಿ ನೋಡಿ ಬಂದಿದ್ದೆ. ಬಾಟ್ಲಿ ಕೈಗೆ ತೆಗೆದುಕೊಳ್ಳುತ್ತ, "ಅವ್ರಿಗೆ ವಿಷಯ ತಿಳ್ಸಿದ್ರಿ ಅಲ್ದಾ?" ಎಂದು ಕೇಳಿದೆ.

ರಾಘು ರಸ್ತೆಯ ಕಡೆ ನೋಡಿದ. "ಇಲ್ಲೆ ಮಾಷ್ಟ್ರೆ. ಆ ದಿನ ಮಳಿ, ಫೋನೆಲ್ಲ ಸತ್ತಿತ್ತ್. ನಾಳೆ ಹೇಳುವ, ನಾಡಿದ್ ಹೇಳುವ ಅಂದೇಳಿ ಹನ್ನೊಂದ್ನೇ ದಿನ ಕಳ್ದೇ ಹೋಯ್ತ್. ಅಷ್ಟೊತ್ತಿಗೆ ಮಾವಂಗೆ ಎದಿ ನೋವ್ ಬಂದ್ ಆಸ್ಪತ್ರಿಗ್ ಸೇರ್ಸಿದ್ರ್ ಅಂಬ್ರ್. ಹಾಂಗ್ ಇಪ್ಪವ್ರಿಗೆ ಹ್ಯಾಂಗ್ ಹೇಳುದ್? ಅವ್ರ್ ಕೇಂಡ್ರೆ, ಅಮ್ಮ ಹುಷಾರಿತ್ತ್ ಅಂದೇಳಿಕಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವಳ ಒಡಹುಟ್ಟಿದವನಿಗೆ ಸಾವಿನ ಸುದ್ದಿ ಹೇಳದೆ, ಅವಳೇ ಹಾಕಿದ ಉಪ್ಪಿನಕಾಯಿಯ ಜೊತೆಗೆ ಒಂದು ಸುಳ್ಳನ್ನೂ ಕಟ್ಟಿ ನನ್ನ ಚೀಲಕ್ಕೆ ತುರುಕುವುದೆಂದರೇನು? ಅಲ್ಲೇ ಅವನ ಅಂಗಡಿಯ ಮೆಟ್ಟಿಲ ಮೇಲೆ ಬಾಟ್ಲಿ ಇಟ್ಟು ಬರಬೇಕಿತ್ತು. ಅಷ್ಟರಲ್ಲಿ ಬಸ್ಸು ಬಂತು, ಕಂಡಕ್ಟರು "ಹತ್ತಿ ಹತ್ತಿ" ಎಂದು ಬೊಬ್ಬೆ ಹೊಡೆದ, ಬಾಟ್ಲಿಯ ಸಮೇತ ಹತ್ತಿಬಿಟ್ಟೆ. ನನ್ನ ಬದುಕಿನ ಎಷ್ಟೋ ತೀರ್ಮಾನಗಳನ್ನು ಹೀಗೆ ಬಸ್ಸಿನ ಕಂಡಕ್ಟರುಗಳೇ ಮಾಡಿದ್ದಾರೆ.

ಅಂತೂ ಆ ದಿನ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಗಣಪ ನನ್ನ ಹಾಳೆಯ ಹಿಂಬದಿಯಲ್ಲಿ ತನ್ನದೇ ಒಂದು ಪಟ್ಟಿ ಮಾಡಿದ್ದ. ಹತ್ತಿರದ ಕಟ್ಟುಗಳನ್ನು ಅವನು ಮೊದಲೇ ಮುಟ್ಟಿಸಿದ್ದ. ಪೇಟೆಯ ಒಳಗೆ ಕೊಡಬೇಕಾದ ನಾಲ್ಕು ಉಳಿದಿದ್ದವು. ಯಾರು ಎಷ್ಟು ಗಂಟೆಗೆ ಎಲ್ಲಿ ಸಿಗುತ್ತಾರೆ ಎಂದು ಎಲ್ಲರಿಗೂ ಫೋನು ಮಾಡಿ ಕೇಳಿಟ್ಟಿದ್ದ. ನನ್ನ ಪಟ್ಟಿಯ ಸ್ಮಾರಕಗಳು ಅವನ ಪಟ್ಟಿಯಲ್ಲಿ ಗುರುತಿನ ಜಾಗಗಳಾಗಿದ್ದವು. "ಭಾವ, ಬೇಜಾರ್ ಮಾಡ್ಬೇಡಿ, ದಾರಿ ಮೇಲೇ ಸಿಕ್ತ್ ಎಲ್ಲ" ಎಂದು ನೀಲಿ ಚೀಲವನ್ನು ನನ್ನ ಹೆಗಲಿಗೇರಿಸಿ, ಸೌತೆಕಾಯಿಯ ಗೋಣಿಯನ್ನು ತಾನು ಎತ್ತಿಕೊಂಡ.

ಲೋಕಲ್ ರೈಲಿಳಿದು ವಿ.ಟಿ. ನಿಲ್ದಾಣದ ಹೊರಗೆ ಬಂದಾಗ ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಅಷ್ಟು ದೊಡ್ಡ ಕಟ್ಟಡ, ಕಲ್ಲಿನಲ್ಲಿ ಬಳ್ಳಿ, ಹಕ್ಕಿ, ಮೃಗಗಳು, ಮೇಲೆ ಗುಮ್ಮಟ. ಹದಿನೆಂಟು ವರ್ಷ ನಾನು ಇದನ್ನು ಬರೀ "ಪ್ರಮುಖ ರೈಲು ನಿಲ್ದಾಣ" ಎಂದು ಹೇಳಿ ಮುಗಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಕತ್ತು ಮೇಲೆತ್ತಿದೆ. ಎತ್ತಿದರೆ ಚೀಲದ ಭಾರಕ್ಕೆ ಹಿಂದಕ್ಕೆ ವಾಲುತ್ತೇನೆ. ನೆಟ್ಟಗೆ ನಿಂತರೆ ಮೊದಲನೆಯ ಮಹಡಿಯ ತನಕ ಮಾತ್ರ ಕಾಣುತ್ತದೆ. ಗಣಪ ಭುಜ ಹಿಡಿದು ಎಳೆದ. "ಭಾವ, ಚೀಲ ಕಾಣಿ. ಕಟ್ಟೋಣ ಎಲ್ಲಿಗೂ ಹೋತಿಲ್ಲೆ, ಚೀಲ ಹೋತ್ತ್." ಹೀಗೆ ಜಗತ್ಪ್ರಸಿದ್ಧ ಕಟ್ಟಡವೊಂದರ ಮುಂದೆ ನಿಂತು ನಾನು ಒಂದು ರೆಕ್ಸಿನ್ ಚೀಲವನ್ನು ನೋಡಿದೆ.

ಅಲ್ಲಿಂದ ಹುತಾತ್ಮ ಚೌಕಕ್ಕೆ ನಡೆದೆವು. ಪಂಜು ಹಿಡಿದು ನಿಂತ ಇಬ್ಬರ ಪ್ರತಿಮೆ. ರಾಜ್ಯಕ್ಕಾಗಿ ಜೀವ ಕೊಟ್ಟವರ ನೆನಪಿನ ಜಾಗ. ನಾನು ಚಪ್ಪಲಿ ಕಳಚಿ, ಒಂದು ನಿಮಿಷ ಕೈ ಮುಗಿದು ನಿಲ್ಲೋಣ ಎಂದುಕೊಂಡೆ. ಕೈ ಮುಗಿದದ್ದಷ್ಟೆ, ಹಿಂದಿನಿಂದ "ಹ್ವಾಯ್, ಊರಿನವ್ರಾ?" ಎಂದು ಕೇಳಿಸಿತು. ಸಿಗಡಿಯ ಕಟ್ಟಿನ ಒಡೆಯ ಶಂಕರ. ಪಕ್ಕದ ಕಚೇರಿಯ ಕ್ಯಾಂಟೀನಿನವನು, ಸೊಂಟಕ್ಕೆ ಸುತ್ತಿದ ಅಡುಗೆಯ ಬಟ್ಟೆಯನ್ನೂ ಬಿಚ್ಚದೆ ಓಡಿಬಂದಿದ್ದ. ತೆಗೆದುಕೊಂಡು ಹೋಗಬೇಕೋ ಬೇಡವೋ? ಅಲ್ಲೇ, ಆ ಕಟ್ಟೆಯ ಮೇಲೆಯೇ ಪ್ಲಾಸ್ಟಿಕ್ಕಿನ ಪದರ ಒಂದೊಂದಾಗಿ ಬಿಚ್ಚಿದ. ಟೈ ಕಟ್ಟಿದ ನಾಲ್ಕು ಜನ ಮೂಗು ಹಿಡಿದು ದೂರ ಸರಿದರು. ಶಂಕರ ಮುಖವನ್ನು ಪೊಟ್ಟಣದೊಳಗೆ ಹುಗಿದು ಕಣ್ಣು ಮುಚ್ಚಿ ನಿಂತ. ಎಷ್ಟು ಹೊತ್ತು ನಿಂತ ಎಂದರೆ ನಾನು ಹುತಾತ್ಮರ ಮುಂದೆ ನಿಲ್ಲಬೇಕೆಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ತಲೆಯೆತ್ತಿ, "ಇಷ್ಟೇಯಾ ಕಳ್ಸದ್ದ್ ಅಮ್ಮ?" ಎಂದು ನನ್ನನ್ನೇ ಕೇಳಿದ! ದಾರಿಯಲ್ಲಿ ನಾನು ತಿಂದೆ ಎಂದು ಅವನ ಅನುಮಾನವೋ ಏನೋ.

ಸೌತೆಕಾಯಿಯವರು ಬರಲೇ ಇಲ್ಲ. ಗೋಣಿ ಹೊತ್ತುಕೊಂಡೇ ವಸ್ತುಸಂಗ್ರಹಾಲಯದ ಬಾಗಿಲಿಗೆ ಹೋದೆವು. ತಿನ್ನುವ ಸಾಮಾನು ಒಳಗೆ ಬಿಡುವುದಿಲ್ಲ ಎಂದು ಕಾವಲಿನವ ಹೇಳಿದ. ಬೇಯಿಸುವ ತನಕ ಸೌತೆಕಾಯಿ ತಿನ್ನುವ ಸಾಮಾನು ಹೇಗಾಗುತ್ತದೆ ಎಂದು ಗಣಪ ಹಿಂದಿಯಲ್ಲಿ ವಾದ ಮಾಡಿದ. ಕಾವಲಿನವನಿಗೆ ತರ್ಕ ಒಪ್ಪಿಗೆಯಾಗಲಿಲ್ಲ. "ನೀವ್ ಹೋಯ್ ಬನಿ ಭಾವ, ನಾನ್ ಇಲ್ಲ್ ಕೂಕಂತೆ" ಎಂದು ಗಣಪ ಬಿಸಿಲಿನಲ್ಲೇ ಕೂತ. ನನ್ನ ಚೀಲವನ್ನೂ ಅವನ ಪಕ್ಕದಲ್ಲಿಟ್ಟು, ಟಿಕೆಟು ತೆಗೆದು ಒಳಗೆ ಹೋದೆ. ಮೊದಲ ಕೋಣೆಯಲ್ಲೇ ಎಷ್ಟು ಚಂದದ ಶಿಲಾಮೂರ್ತಿಗಳು! ಆದರೆ ಹಾಳಾದ್ದು, ಅಲ್ಲೊಂದು ಕಿಟಕಿ ಇತ್ತು. ಕಿಟಕಿಯಿಂದ ನೋಡಿದರೆ ಗಣಪ. ವಾರಕ್ಕೆ ಸಿಗುವ ಒಂದೇ ರಜೆಯಲ್ಲಿ, ಹದಿನೈದು ದಿನದ ಕೂಸನ್ನು ಮನೆಯಲ್ಲಿ ಬಿಟ್ಟು, ಯಾರದ್ದೋ ಗದ್ದೆಯ ಸೌತೆಕಾಯಿ ಕಾಯುತ್ತ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಹತ್ತು ನಿಮಿಷಕ್ಕೆ ಹೊರಗೆ ಬಂದುಬಿಟ್ಟೆ. ನಿಶ್ಚಿಂತೆಯಿಂದ ಒಂದು ಮೂರ್ತಿ ನೋಡಲೂ ಬಿಡದ ನನ್ನ ಮನಸ್ಸಾಕ್ಷಿಯ ಮೇಲೂ ನನಗೆ ಆ ದಿನ ಸಿಟ್ಟು ಬಂದಿತ್ತು.

ಹುರುಳಿ ಕೊಡಲು ಹೋದಲ್ಲಿ ಊಟ ಮಾಡದೆ ಬಿಡಲಿಲ್ಲ. ಕೋಟದ ಕಡೆಯವರು, ಬೇಡ ಎಂದರೆ ಎಲೆಗೆ ಇನ್ನೊಂದು ಸೌಟು ಬೀಳುತ್ತದೆ. ಊರಿನ ಒಬ್ಬೊಬ್ಬರ ಕಾಯಿಲೆಯನ್ನೂ ಕೇಳಿ ಮುಗಿಸುವಾಗ ಮೂರೂವರೆ. ಸೌತೆಕಾಯಿಯನ್ನೂ ಅವರಿಗೇ ಗಂಟು ಹಾಕಿ ಹೊರಬಿದ್ದೆವು. ಮರೀನ್ ಡ್ರೈವು, ತೂಗುತೋಟ, ಚೌಪಾಟಿ ಎಲ್ಲವನ್ನೂ ಗಣಪ ಒಂದೇ ಗೀಟಿನಲ್ಲಿ ಹೊಡೆದುಹಾಕಿದ. ಉಳಿದದ್ದು ಗೇಟ್‌ವೇ, ಮತ್ತು ಬಾಟ್ಲಿ.

ಇಡೀ ದಿನ ನಾನು ಆ ಬಾಟ್ಲಿಯನ್ನು ಕೊನೆಗೆ ತಳ್ಳುತ್ತ ಬಂದಿದ್ದೆ. ಸುಬ್ರಾಯಣ್ಣ ಕೇಳಿದರೆ ಏನು ಹೇಳಲಿ? ನಿಜ ಹೇಳಿದರೆ, ಎದೆನೋವಿನ ಮನುಷ್ಯ, ಅಲ್ಲೇ ಏನಾದರೂ ಆದರೆ ಹೊಣೆ ಯಾರು? ಸುಳ್ಳು ಹೇಳಿದರೆ, ಸತ್ತವಳ ಹೆಸರಲ್ಲಿ ಅವಳ ತಮ್ಮನ ಮುಖಕ್ಕೇ ಹೇಳಬೇಕು. ರಾಘುವಿಗೆ ಮನಸ್ಸಿನಲ್ಲೇ ಬಾಯಿಗೆ ಬಂದದ್ದೆಲ್ಲ ಬೈದುಕೊಂಡೆ. ಅವರು ಹೋಟೆಲಿನಲ್ಲಿ ಇಲ್ಲದೆ ಹೋಗಲಿ ಎಂದು ದೇವರಿಗೆ ಹೇಳಿಕೊಂಡದ್ದೂ ಉಂಟು.

ಇದ್ದರು. ಹೋಟೆಲಿನ ಹಿಂಬದಿಯ ಸಣ್ಣ ಅಂಗಳದಲ್ಲಿ, ಎಣ್ಣೆಯ ಡಬ್ಬಿ ಕವುಚಿಹಾಕಿ ಅದರ ಮೇಲೆ ಕೂತು ಬೀನ್ಸು ಹೆಚ್ಚುತ್ತಿದ್ದರು. ಕಾಯಿಲೆಯಾದ ಮೇಲೆ ಒಲೆಯ ಕೆಲಸ ಬಿಡಿಸಿದ್ದರಂತೆ. ಸಣಕಲು ಮೈ, ಮಾಸಲು ಜನಿವಾರ, ಮೂಗಿನ ತುದಿಗೆ ಜಾರಿದ ಕನ್ನಡಕ. ಗಣಪನಿಗೆ ಹೊರಗೆ ಗುರುತಿನವರು ಸಿಕ್ಕಿ ಅವನು ಅಲ್ಲೇ ನಿಂತ. ನಾನು ಒಬ್ಬನೇ ಹೋಗಿ ಹೆಸರು ಹೇಳಿ, ಬಾಟ್ಲಿ ಮುಂದಿಟ್ಟೆ. "ಬನಿ ಬನಿ ಮಾಷ್ಟ್ರೆ, ಕೂಕಣಿ" ಎಂದು ಇನ್ನೊಂದು ಡಬ್ಬಿ ಎಳೆದರು. ಬಾಟ್ಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಬಟ್ಟೆ ಬಿಚ್ಚಲಿಲ್ಲ.

"ಅಕ್ಕ ಹ್ಯಾಂಗಿತ್ತ್?"

"ಹುಷಾರಿತ್ತ್" ಎಂದೆ. ನೋಡಿ, ಎಷ್ಟು ಸುಲಭವಾಗಿ ಬಂತು!

"ಕಾಲ್ ನೋವ್?"

"ಅದೊಂದ್ ಇತ್ತ್. ಮಳಿಗಾಲ ಕಳ್ದ್ ಮೇಲೆ ಅಡ್ಡಿಲ್ಲೆ."

"ಕಿವಿ?"

"ದೊಡ್ಡಕೆ ಹೇಳಿರೆ ಕೇಣತ್ತ್."

"ನನ್ನ್ ಬಗ್ಗೆ ಎಂತಾರು ಹೇಳ್ತಾ?"

ಇಲ್ಲಿಗಾದರೂ ನಿಲ್ಲಿಸಬೇಕಿತ್ತು. ಆದರೆ ಹದಿನೆಂಟು ವರ್ಷ ಕಾಣದ್ದನ್ನು ಕಂಡಂತೆ ವರ್ಣಿಸಿದ ನಾಲಗೆ ಅದು. ಖಾರ ಜಾಸ್ತಿ ತಿನ್ನಬೇಡ ಎಂದು ಹೇಳಿದ್ದಾರೆ ಎಂದೆ. ಒಂದು ಸಲ ಊರಿಗೆ ಬಂದು ಮುಖ ತೋರಿಸು ಎಂದಿದ್ದಾರೆ ಎಂದೆ. ಅಂಗಳದಲ್ಲಿ ಕಾಲು ಚಾಚಿ ಕೂತು ಬಾಟ್ಲಿಯ ಬಾಯಿಗೆ ಬಟ್ಟೆ ಕಟ್ಟಿದ್ದು ಪದ್ದಕ್ಕನೇ, ಗಂಟು ಬಿಗಿಯಾಗಲಿಲ್ಲವೆಂದು ಸೊಸೆಯನ್ನು ಗದರಿದ್ದು ಕೂಡ ನಾನು ನೋಡಿದೆ ಎಂದೆ. ಸುಬ್ರಾಯಣ್ಣ ಬೀನ್ಸು ಹೆಚ್ಚುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಿಲ್ಲಿಸಿದರೆ, "ಇನ್ನೆಂತ ಹೇಳ್ತ್?" ಎನ್ನುವರು. ನಾನು ಇನ್ನೊಂದು ಹೇಳುವೆ. ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಸುಳ್ಳು ಹೇಳಿದ್ದು ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸತೊಡಗಿತ್ತು.

"ಸಾಕ್ ಮಾಷ್ಟ್ರೆ" ಎಂದರು ಕೊನೆಗೆ, ಮೆಲ್ಲಗೆ. "ಚಂದ ಹೇಳ್ತ್ರಿ. ಅಕ್ಕ ಹೋದದ್ದ್ ನಂಗ್ ಗೊತ್ತಿತ್ತ್."

ಅವರು ಮತ್ತೆ ಬೀನ್ಸು ಕೈಗೆತ್ತಿಕೊಂಡರು.

"ಮೂರೇ ದಿನಕ್ಕ್ ಗೊತ್ತಾಯ್ತ್. ಹಾಲಾಡಿ ಬದಿಯವ್ರ್ ಈ ಬೊಂಬಾಯಲ್ಲಿ ಒಬ್ರಾ ಇಬ್ರಾ ಇಪ್ಪುದ್? ಇದೇ ನಳ್ಳಿ ಬುಡದಲ್ ಮಿಂದೆ. ಧಣಿಗಳ ಹತ್ರ ಜ್ವರ ಅಂದೇಳಿ ಮೂರ್ ದಿನ ಒಲಿ ಮುಟ್ಲಿಲ್ಲೆ. ನೀವ್ ಮೂರ್ನೇಯವ್ರ್ ಕಾಣಿ. ನಿಮ್ಗಿಂತ ಮುಂಚೆ ಊರಿಂದ ಇಬ್ರ್ ಬಂದಿದ್ರ್. ಅವ್ರೂ ಹುಷಾರಿತ್ತ್ ಅಂದೇಳಿಯೇ ಹೇಳದ್ದ್. ಆರೆ ನಿಮ್ಮಷ್ಟ್ ಚಂದ ಹೇಳ್ಲಿಲ್ಲ."

ನಾಚಿಕೆಯಿಂದ ಭೂಮಿಗಿಳಿದುಹೋದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಅವರ ಮೇಲೆ. ಗೊತ್ತಿದ್ದೂ ನನ್ನಿಂದ ಅಷ್ಟೆಲ್ಲ ಹೇಳಿಸಿದರಲ್ಲ! "ಹಾಂಗಾರೆ ನೀವ್ ಊರಿಗೆ ಯಾಕ್ ಬರ್ಲಿಲ್ಲೆ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಸಾವಿಗೆ ಯಾರೂ ಕರೂದಿಲ್ಲೆ, ನಂಗ್ ಗೊತ್ತಿತ್ತ್. ಆರೆ ಒಂದ್ ಮಾತ್ ಹೇಳ್ತ್ರ್ ಅಲ್ದಾ? ಹೇಳ್ದೇ ಇದ್ದಲ್ಲಿಗ್ ಹೋಯಿ ಬಾಗ್ಲಲ್ ನಿಂತ್ರೆ, ಆ ರಾಘುನ ಮುಖ ನಾನ್ ಹ್ಯಾಂಗ್ ಕಾಂಬುದ್?" ಮಡಿಲಿನ ಬಾಟ್ಲಿಯನ್ನು ಅವರು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ನಂಗೆ ಸಿಟ್ಟಿಲ್ಲೆ ಅಂದೇಳಿ ಎಣ್ಸ್‌ಬೇಡಿ. ಈವತ್ತ್ ಹೇಳ್ತ್ರ್, ನಾಳೆ ಹೇಳ್ತ್ರ್ ಅಂದೇಳಿ ಗಲ್ಲಾದ್ ಹತ್ರ ಫೋನಿನ್ ಎದ್ರ್ ಕೂಕಂತಿದ್ದೆ. ಹನ್ನೊಂದನೇ ದಿನವೂ ಕಳೀತ್. ಅದಾದ್ ಮೇಲೇ ಎದಿ ನೋವ್ ಬಂದದ್ದ್."

ಎದೆನೋವು ಇದೆಯೆಂದು ರಾಘು ಸಾವಿನ ಸುದ್ದಿ ಹೇಳಲಿಲ್ಲ. ಹೇಳಲಿಲ್ಲವೆಂದು ಇವರಿಗೆ ಎದೆನೋವು. ಇಂಥ ಜನಕ್ಕೆ ಏನು ಹೇಳುತ್ತೀರಿ? ನಾನು ಎದ್ದು ನಿಂತೆ. ಊರಿಗೆ ಹೋದ ಕೂಡಲೇ ಹಾಲಾಡಿಯಲ್ಲಿ ಇಳಿದು, ರಾಘುವಿನ ಅಂಗಡಿಯ ಮುಂದೆ ಹತ್ತು ಜನ ಕೇಳುವಂತೆ ಇದನ್ನೆಲ್ಲ ಹೇಳಿ ಅವನಿಗೆ ಉಗಿಯುತ್ತೇನೆ ಎಂದೆ.

ಸುಬ್ರಾಯಣ್ಣ ನನ್ನ ಮುಂಗೈ ಹಿಡಿದುಕೊಂಡರು. ಬೀನ್ಸಿನ ನೀರು ಹತ್ತಿದ ತಣ್ಣನೆಯ ಕೈ.

"ಬೇಡ ಮಾಷ್ಟ್ರೆ. ನಿಮ್ಗ್ ಕೈ ಮುಗಿತೆ, ಅವಂಗೆ ಹೇಳೂಕಾಗ. ನಂಗ್ ಗೊತ್ತಾಯ್ತ್ ಅಂದೇಳಿ ಅವಂಗ್ ಗೊತ್ತಾದ್ರೆ ಮತ್ ಎಂತಕ್ ಕಳ್ಸ್ತ ಅವ? ಅಕ್ಕ ಇಲ್ಲೆ, ಮಾವನ ಹಂಗೆಂತ ಅವಂಗೆ? ಈಗಳಾರೆ ಮುಚ್ಚಿಡೂಕಾರೂ ವರ್ಷಕ್ಕೊಂದ್ ಬಾಟ್ಲಿ ಕಳ್ಸ್ತ. ಊರಿಂದ ನಂಗ್ ಬಪ್ಪುದ್ ಅದೊಂದೇ. ಅದೊಂದ್ ಬರ್ಲಿ."

ಆಮೇಲೆ ಅವರು ಬಾಟ್ಲಿಯನ್ನು ಒಳಗಿಟ್ಟು, ಅಂಗಿ ಹಾಕಿಕೊಂಡು ಬಂದರು. "ಗೇಟ್‌ವೇ ಕಾಂಬುಕ್ ಬಂದದ್ದಲ್ದಾ ನೀವ್? ಬನಿ, ನಾನೇ ತೋರ್ಸ್ತೆ" ಎಂದರು. ಗಣಪನೂ ಸೇರಿಕೊಂಡ. ಎರಡು ತಿರುವು ದಾಟಿದರೆ ಸಮುದ್ರ, ಸಮುದ್ರದ ಎದುರು ಅದು. ಫೋಟೋ ತೆಗೆಯುವವರು ಮುತ್ತಿಕೊಂಡರು. ಪಾರಿವಾಳಗಳು ಎದ್ದವು. ಸುಬ್ರಾಯಣ್ಣ ಯಾರೋ ಮನೆ ತೋರಿಸುವವರಂತೆ ಕೈ ಎತ್ತಿ ಏನೇನೋ ವಿವರಿಸುತ್ತಿದ್ದರು. ಮಧ್ಯಾಹ್ನದ ಹೊತ್ತು ಅವರು ದಿನವೂ ಬಂದು ಕೂರುವ ಕಟ್ಟೆಯನ್ನು ತೋರಿಸಿದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಎದುರಿಗೇ ನಿಂತಿದ್ದೆ, ಕಣ್ಣು ತೆರೆದೇ ಇತ್ತು, ಆದರೆ ಇವತ್ತಿಗೂ ನನಗೆ ಆ ಕಟ್ಟಡ ನೆನಪಿಲ್ಲ. ಪುಸ್ತಕದ ಬೈಂಡಿನಲ್ಲಿ ಕಂಡದ್ದೇ ನೆನಪಿರುವುದು. ಒಂದು ದಿನ, ಒಂದೇ ಒಂದು ದಿನ ಕೇಳಿಕೊಂಡಿದ್ದೆ. ಅದನ್ನೂ ಎಲ್ಲರೂ ಸೇರಿ ಕಸಿದುಕೊಂಡರು. ರಜೆ ಮುಗಿದು ಶಾಲೆಗೆ ಹೋದಾಗ ಮಕ್ಕಳು ಸುತ್ತ ನಿಂತು "ಹ್ಯಾಂಗಿತ್ತ್ ಸರ್, ಹ್ಯಾಂಗಿತ್ತ್ ಸರ್" ಎಂದವು. ಪಠ್ಯಪುಸ್ತಕ ತೆರೆದು ಅದರಲ್ಲಿದ್ದದ್ದನ್ನೇ ಓದಿ ಹೇಳಿದೆ.

ಅದಕ್ಕೂ ಮೊದಲು ಹಾಲಾಡಿಯಲ್ಲಿ ರಾಘು ಕಾದು ನಿಂತಿದ್ದ. "ಮಾವಂಗೆ ಎಂತ ಗೊತ್ತಾಯ್ಲಿಲ್ಲೆ ಅಲ್ದಾ ಮಾಷ್ಟ್ರೆ?"

"ಇಲ್ಲೆ" ಎಂದೆ.

"ಬಚಾವ್" ಎಂದು ಅವನು ನಿಟ್ಟುಸಿರು ಬಿಟ್ಟು ನಕ್ಕ. ಆ ನಗುವಿಗೆ ಒಂದು ಬಾರಿಸೋಣ ಅನ್ನಿಸಿತು. ಮುಂಗೈ ಮೇಲೆ ಆ ತಣ್ಣನೆಯ ಕೈ ಇನ್ನೂ ಇದ್ದ ಹಾಗಿತ್ತು. ಸುಮ್ಮನೆ ಶಾಲೆಯ ಕಡೆ ನಡೆದೆ.

ಮರುವರ್ಷ ಬೇಸಿಗೆ ಮುಗಿಯುತ್ತ ಬಂದಾಗ ರಾಘು ಒಂದು ಬಾಟ್ಲಿ ಹಿಡಿದು ಸಾಲಿಗ್ರಾಮದ ನಮ್ಮ ಮನೆಗೇ ಬಂದ. ಜಗಲಿಯ ತುದಿಯಲ್ಲಿ ಕೂತು, ಮುಚ್ಚಳ ತೆಗೆದು, ಒಂದು ಮಿಡಿಯನ್ನು ನನ್ನ ಅಂಗೈಗೆ ಹಾಕಿದ. ಅವನ ಕಣ್ಣು ಕೆಂಪಾಗಿತ್ತು.

"ಅಮ್ಮ ಹಾಕದ್ದ್ ಖಾಲಿಯಾಯ್ತ್ ಮಾಷ್ಟ್ರೆ. ಇದ್ ನನ್ ಹೆಂಡ್ತಿ ಹಾಕದ್ದ್. ನಾಳೆ ಯಾರೋ ಬೊಂಬಾಯಿಗ್ ಹೊರ್ಟಿದ್ರ್. ಮಾವ ತಿಂದ್ರೆ ಕೈ ಬೇರೆ ಅಂದೇಳಿ ಗೊತ್ತಾತ್ತಾ? ನೀವೇ ತಿಂದ್ ಹೇಳಿ."

ಪದ್ದಕ್ಕನ ಉಪ್ಪಿನಕಾಯಿಯನ್ನು ನಾನೂ ಎಷ್ಟೋ ಸಲ ಉಂಡವನು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಇದರಲ್ಲಿ ಸಾಸಿವೆ ಹೆಚ್ಚು, ಉಪ್ಪು ಹಿಡಿದಿಲ್ಲ, ಮಿಡಿ ಮೆತ್ತಗಾಗಿದೆ. ಕಣ್ಣು ಕಟ್ಟಿ ತಿನ್ನಿಸಿದರೂ ಯಾರಿಗಾದರೂ ಗೊತ್ತಾಗುವಂತಿತ್ತು. ಮೈಯೆಲ್ಲ ಮತ್ತೆ ಉರಿಯಿತು. ಬೀಜದ ತನಕ ಚೀಪಿ, ಅವನ ಮುಖ ನೋಡದೆ ಹೇಳಿದೆ.

"ಎಂತದೂ ಗೊತ್ತಾತಿಲ್ಲೆ. ಕಳ್ಸಿ."